ಸರ್ವರ್ ‘ಅಲ್ಲಿಗೆ ಹೋಗು’ ಎಂದರೆ ಎಷ್ಟು ಕೇಳಬೇಕು?

2009ರ ಮಾರ್ಚ್ 3ರಂದು ಕರ್ಲ್ ಎಂಬ ಮುಕ್ತ ತಂತ್ರಾಂಶದ 7.19.4ನೇ ಆವೃತ್ತಿ ಬಿಡುಗಡೆಯಾಯಿತು. ಜೊತೆಗೊಂದು ಭದ್ರತಾ ಎಚ್ಚರಿಕೆಯೂ ಬಂತು. ವೆಬ್ ಪುಟವೊಂದನ್ನು ತರಲು ಹೋದ ಕರ್ಲ್‌ಗೆ ಅಲ್ಲಿನ ಸರ್ವರ್ ‘ನೀವು ಕೇಳಿದ್ದು ಇಲ್ಲಿಲ್ಲ, ಈ ವಿಳಾಸದಲ್ಲಿದೆ’ ಎಂದು ಹೇಳಬಹುದಿತ್ತು. ರೀಡೈರೆಕ್ಟ್ ಎನ್ನುವ ಈ ಸೂಚನೆಯನ್ನು ಹಿಂಬಾಲಿಸುವಂತೆ ಹೇಳಿಟ್ಟಿದ್ದರೆ, ಆ ಹೊಸ ವಿಳಾಸ ಕರ್ಲ್ ಓಡುತ್ತಿದ್ದ ಕಂಪ್ಯೂಟರಿನದೇ ಡಿಸ್ಕಿನಲ್ಲಿರುವ ಕಡತದ್ದಾಗಿದ್ದರೂ ಅದು ಹಿಂದೆಮುಂದೆ ನೋಡದೆ ತೆರೆಯುತ್ತಿತ್ತು. ಕೇಳಿದ್ದು ಯಾವುದೋ ದೇಶದ ಸರ್ವರನ್ನು, ಓದಿದ್ದು ತನ್ನದೇ ಯಂತ್ರದ ಗುಟ್ಟನ್ನು. ಎಸ್‌ಸಿಪಿ ಎಂಬ ಕಡತ ಸಾಗಣೆ ವಿಧಾನದ ವಿಳಾಸ ಕೊಟ್ಟು ಆಜ್ಞೆಗಳನ್ನು ನಡೆಸುವುದಕ್ಕೂ, ಹೊರಗಿನವರಿಗೆ ಕಾಣದ ಒಳಜಾಲದ ಸರ್ವರುಗಳಿಗೆ ಕೋರಿಕೆ ಕಳಿಸುವುದಕ್ಕೂ ಅದೇ ದಾರಿಯಿತ್ತು. ಈ ದೋಷಕ್ಕೆ ಸಿವಿಇ-2009-0037 ಎಂಬ ಗುರುತಿನ ಸಂಖ್ಯೆ ಬಿತ್ತು.

ಕರ್ಲ್ ಎಂದರೆ ಟರ್ಮಿನಲ್ಲಿನಲ್ಲಿ ಬಳಸುವ ಪುಟ್ಟ ಸಲಕರಣೆ. ಅದರ ಒಡಲಾಗಿರುವ ಲಿಬ್‌ಕರ್ಲ್ ಬೇರೆ ಪ್ರೋಗ್ರಾಂಗಳೊಳಗೆ ಸೇರಿಕೊಂಡು ಅವುಗಳ ಪರವಾಗಿ ಜಾಲದ ಮಾತುಕತೆ ನಡೆಸುವ ಲೈಬ್ರರಿ. ಫೋನು, ಕಾರು, ಟಿವಿಗಳಲ್ಲೂ ಅದು ಕೂತಿದೆ. ಬ್ರೌಸರಿನ ಮುಂದಿರುವವರಿಗೆ ಮೇಲಿನ ವಿಳಾಸವಾದರೂ ಕಣ್ಣಿಗೆ ಬೀಳುತ್ತದೆ. ಲೈಬ್ರರಿಯ ಮುಂದೆ ಯಾರೂ ಕೂತಿರುವುದಿಲ್ಲ. ರೀಡೈರೆಕ್ಟ್ ಬಂದಾಗ ಹೋಗಬೇಕೆ, ಎಷ್ಟು ಸಲ ಹೋಗಬೇಕು, ಏನನ್ನು ಜೊತೆಗೆ ಒಯ್ಯಬೇಕು ಎಂಬುದನ್ನೆಲ್ಲ ಅದನ್ನು ಬರೆದವರು ಮೊದಲೇ ತೀರ್ಮಾನಿಸಿಟ್ಟಿರಬೇಕು. ಆ ತೀರ್ಮಾನಗಳು ಮೂವತ್ತು ವರ್ಷಗಳಲ್ಲಿ ಹಲವು ಸಲ ತಿದ್ದುಪಡಿಯಾಗಿವೆ. ತಿದ್ದುಪಡಿಗಳ ದಿಕ್ಕು ಮಾತ್ರ ಹೆಚ್ಚುಕಡಿಮೆ ಒಂದೇ: ಸರ್ವರಿನ ಮಾತಿನ ಮೇಲೆ ಲೈಬ್ರರಿಗಳು ಇಟ್ಟಿದ್ದ ನಂಬಿಕೆ ಸ್ವಲ್ಪಸ್ವಲ್ಪವಾಗಿ ಕರಗುತ್ತ ಬಂದಿದೆ.

ಕೊಂಡಿ ತಿದ್ದುವ ಕನಸು

ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಮೊದಲ ಎಚ್‌ಟಿಟಿಪಿಗೆ, ಈಗ 0.9 ಎಂದು ಕರೆಯುವ 1991ರ ಆವೃತ್ತಿಗೆ, ‘ಬೇರೆ ಕಡೆ ಹೋಗು’ ಎನ್ನಲು ಬಾಯಿಯೇ ಇರಲಿಲ್ಲ. ‘ಗೆಟ್’ ಎಂದು ಒಂದು ಸಾಲು ಕಳಿಸಿದರೆ ಪುಟ ಬರುತ್ತಿತ್ತು, ಸಂಪರ್ಕ ಮುಚ್ಚುತ್ತಿತ್ತು. ಹೆಡರುಗಳಿಲ್ಲ, ಸ್ಥಿತಿ ಸಂಖ್ಯೆಗಳಿಲ್ಲ. ಏನಾದರೂ ಎಡವಟ್ಟಾದರೆ ಆ ವಿವರವೂ ಒಂದು ಪುಟವಾಗಿಯೇ ಬರುತ್ತಿತ್ತು. ಅದು ಉತ್ತರವೋ ದೂರೋ ಎಂದು ಮನುಷ್ಯರು ಓದಿ ತಿಳಿಯಬೇಕಿತ್ತು.

ಮರುವರ್ಷದ ಕರಡಿನಲ್ಲಿ ಮೂರಂಕಿಯ ಸಂಖ್ಯೆಗಳು ಕಾಣಿಸಿಕೊಂಡವು. ಮೂರರಿಂದ ಶುರುವಾಗುವ ಸಾಲನ್ನು ರೀಡೈರೆಕ್ಟ್‌ಗೆ ಮೀಸಲಿಡಲಾಯಿತು. ಪೇಟೆಯ ಅಂಗಡಿಯ ಷಟರಿಗೆ ‘ಸ್ಥಳಾಂತರಗೊಂಡಿದೆ’ ಎಂದು ಹಚ್ಚಿದ ಚೀಟಿಯಂತೆ 301 ಕಾಯಂ ಬದಲಾವಣೆಯನ್ನು ಹೇಳುತ್ತಿತ್ತು. 302 ಸದ್ಯಕ್ಕೆ ಮಾತ್ರ ಬೇರೆಡೆ ಇದೆ ಎನ್ನುತ್ತಿತ್ತು, ನಾಳೆ ಆ ಜಾಗವೂ ಬದಲಾಗಬಹುದಿತ್ತು. ಕರಡಿನಲ್ಲಿ 301ರ ಬಗ್ಗೆ ಒಂದು ಆಸೆಯಿತ್ತು: ಕೊಂಡಿ ತಿದ್ದಬಲ್ಲ ಬ್ರೌಸರ್ ಹಳೆಯ ವಿಳಾಸವನ್ನು ತಾನೇ ಅಳಿಸಿ ಹೊಸದನ್ನು ಬರೆದಿಡಬೇಕು. ಬರ್ನರ್ಸ್-ಲೀ ಅವರ ಮೊದಲ ಬ್ರೌಸರ್ ಪುಟಗಳನ್ನು ಓದುವುದರ ಜೊತೆಗೆ ಬರೆಯಲೂ ಬರುತ್ತಿದ್ದ ಸಂಪಾದಕವಾಗಿತ್ತು, ಹಾಗಾಗಿ ಈ ಆಸೆ ಅತಿಯೇನಲ್ಲ. ಮುಂದೆ ಜನಪ್ರಿಯವಾದ ಮೊಸಾಯಿಕ್, ನೆಟ್‌ಸ್ಕೇಪ್ ಮೊದಲಾದವು ಓದುವ ಸಾಧನಗಳಾಗಿಯೇ ಬೆಳೆದವು. ಕೊಂಡಿ ತಿದ್ದುವ ಕೆಲಸ ಬಿಟ್ಟುಹೋಯಿತು, ಹಿಂಬಾಲಿಸುವ ಕೆಲಸ ಉಳಿಯಿತು.

ತಿದ್ದುವ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡವರೊಬ್ಬರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿದ್ದರು. ರಾಯ್ ಫೀಲ್ಡಿಂಗ್ ಎಂಬ ಆ ವಿದ್ಯಾರ್ಥಿ ಮಾಮ್‌ಸ್ಪೈಡರ್ ಎಂಬ ಪ್ರೋಗ್ರಾಂ ಬರೆದು, 1994ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ನಡೆದ ಮೊದಲ ವಿಶ್ವ ವೆಬ್ ಸಮ್ಮೇಳನದಲ್ಲಿ ಮಂಡಿಸಿದರು. ತಾಣವೊಂದರ ಕೊಂಡಿಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡಿ ಮುರಿದವು ಯಾವುವು, ಸ್ಥಳ ಬದಲಿಸಿದವು ಯಾವುವು ಎಂದು ಅದು ಒಡೆಯನಿಗೆ ವರದಿ ಒಪ್ಪಿಸುತ್ತಿತ್ತು. ಅದರ ಜಾಲ ವ್ಯವಹಾರದ ಭಾಗವೇ ಪರ್ಲ್ ಭಾಷೆಯ ಲಿಬ್‌ಡಬ್ಲ್ಯುಡಬ್ಲ್ಯುಡಬ್ಲ್ಯು-ಪರ್ಲ್ ಆಗಿ ಬೇರೆಯಾಯಿತು. ಬ್ರೌಸರ್ ಇಲ್ಲದೆಯೇ ಪ್ರೋಗ್ರಾಂಗಳು ವೆಬ್ ಓದಲು ನೆರವಾದ ಮೊದಲ ಸಾಲಿನ ಲೈಬ್ರರಿಗಳಲ್ಲಿ ಅದೊಂದು.

ಅದೇ ಫೀಲ್ಡಿಂಗ್, ಬರ್ನರ್ಸ್-ಲೀ ಮತ್ತು ಹೆನ್ರಿಕ್ ಫ್ರಿಸ್ಟಿಕ್ ನೀಲ್ಸನ್ ಜೊತೆ ಸೇರಿ ಬರೆದ ಎಚ್‌ಟಿಟಿಪಿ 1.0 ದಾಖಲೆ, ಅಂದರೆ ಆರ್‌ಎಫ್‌ಸಿ 1945, 1996ರ ಮೇ ತಿಂಗಳಲ್ಲಿ ಹೊರಬಂತು. ರೀಡೈರೆಕ್ಟ್‌ಗೆ ಅದು ಎರಡು ಕಟ್ಟು ಹಾಕಿತು. ಒಂದು, ಐದು ಸಲಕ್ಕಿಂತ ಹೆಚ್ಚು ತಾನಾಗಿ ಹಿಂಬಾಲಿಸಬಾರದು, ಅಷ್ಟಾಯಿತೆಂದರೆ ಸುತ್ತು ಬಿದ್ದಿದೆ ಎಂದೇ ಅರ್ಥ. ಎರಡು, ಕಳಿಸಿದ್ದು ‘ಪೋಸ್ಟ್’ ಕೋರಿಕೆಯಾಗಿದ್ದರೆ ಬಳಕೆದಾರರ ಒಪ್ಪಿಗೆಯಿಲ್ಲದೆ ಹೊಸ ವಿಳಾಸಕ್ಕೆ ಕಳಿಸಕೂಡದು.

ಕೇಳಲು ಯಾರಿದ್ದಾರೆ?

ಎರಡನೆಯ ಕಟ್ಟಿನ ಹಿಂದಿನ ಕಾರಣ ಸರಳ. ‘ಗೆಟ್’ ಎಂದರೆ ಓದುವುದು, ಎರಡು ಸಲ ಓದಿದರೆ ನಷ್ಟವಿಲ್ಲ. ‘ಪೋಸ್ಟ್’ ಎಂದರೆ ಅರ್ಜಿ ತುಂಬಿ ಕಳಿಸುವುದು, ಹಣ ಕಟ್ಟುವುದು, ಟಿಕೆಟ್ ಕಾಯ್ದಿರಿಸುವುದು. ಅರ್ಜಿಯಲ್ಲಿರುವುದನ್ನೆಲ್ಲ ಅಪರಿಚಿತ ವಿಳಾಸಕ್ಕೆ ಮತ್ತೆ ಒಪ್ಪಿಸುವ ಮೊದಲು ಪರದೆಯ ಮುಂದಿರುವವರನ್ನು ಒಂದು ಮಾತು ಕೇಳುವುದು ನ್ಯಾಯ. ಆದರೆ ಲೈಬ್ರರಿ ಯಾರನ್ನು ಕೇಳಬೇಕು? ಅದಕ್ಕೆ ಪರದೆಯೇ ಇಲ್ಲ. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಬ್ರೌಸರ್. ಮಧ್ಯರಾತ್ರಿ ತಾನಾಗಿ ಓಡುವ ಪ್ರೋಗ್ರಾಂ ಅವರ ವಾಕ್ಯದಲ್ಲಿ ಸೇರಿರಲಿಲ್ಲ.

ನಾರ್ವೆಯ ಗಿಸ್ಲೆ ಓಸ್ ಮುಂದಾಳತ್ವದಲ್ಲಿ ಪರ್ಲ್ 5ಕ್ಕಾಗಿ ಹೊಸದಾಗಿ ಕಟ್ಟಿದ ಎಲ್‌ಡಬ್ಲ್ಯುಪಿ ಲೈಬ್ರರಿ ಈ ತೊಡಕಿಗೆ ಒಂದು ಅಚ್ಚುಕಟ್ಟಾದ ಉತ್ತರ ಕಂಡುಕೊಂಡಿತು. ಅದರಲ್ಲಿ ‘ರೀಡೈರೆಕ್ಟ್ ಓಕೆ’ ಎಂಬ ಒಂದು ವಿಧಾನವಿದೆ. ಪ್ರತಿ ರೀಡೈರೆಕ್ಟ್‌ಗೂ ಮುನ್ನ ಲೈಬ್ರರಿ ಅದನ್ನು ಕರೆದು ‘ಹೋಗಲೇ?’ ಎಂದು ಕೇಳುತ್ತದೆ. ಸುಮ್ಮನೆ ಬಿಟ್ಟರೆ ‘ಗೆಟ್’ ಮತ್ತು ‘ಹೆಡ್’ ಕೋರಿಕೆಗಳಿಗೆ ಮಾತ್ರ ಹೂಂ ಎನ್ನುತ್ತದೆ. ಪ್ರೋಗ್ರಾಮರ್ ಬೇಕಾದರೆ ಅದನ್ನು ತನ್ನ ವಿವೇಚನೆಯಂತೆ ಬದಲಿಸಬಹುದು. ಬಳಕೆದಾರರು ಕೊಡಬೇಕಿದ್ದ ಒಪ್ಪಿಗೆ ಹೀಗೆ ಪ್ರೋಗ್ರಾಮರ್ ಪಾಲಿಗೆ ಬಂತು.

ಬ್ರೌಸರುಗಳು ಇಷ್ಟು ತಾಳ್ಮೆ ತೋರಿಸಲಿಲ್ಲ. ‘ಪೋಸ್ಟ್’ಗೆ 301 ಅಥವಾ 302 ಉತ್ತರ ಬಂದಾಗ ಅವು ಯಾರನ್ನೂ ಕೇಳದೆ, ಅರ್ಜಿಯನ್ನು ಅಲ್ಲೇ ಬಿಟ್ಟು, ಹೊಸ ವಿಳಾಸಕ್ಕೆ ಬರಿಗೈಯಲ್ಲಿ ‘ಗೆಟ್’ ಆಗಿ ಹೋಗುತ್ತಿದ್ದವು. ಇದು ತಪ್ಪು ಎಂದು ಆರ್‌ಎಫ್‌ಸಿ 1945 ಟಿಪ್ಪಣಿ ಹಾಕಿತ್ತು. ತಾಣ ಕಟ್ಟುವವರಿಗೆ ಮಾತ್ರ ಈ ತಪ್ಪೇ ಹಿಡಿಸಿಬಿಟ್ಟಿತು. ಅರ್ಜಿ ಸ್ವೀಕರಿಸಿ ‘ಧನ್ಯವಾದ’ ಪುಟಕ್ಕೆ ರೀಡೈರೆಕ್ಟ್ ಮಾಡಿದರೆ, ಓದುಗರು ಆ ಪುಟವನ್ನು ರಿಫ್ರೆಶ್ ಮಾಡಿದರೂ ಅರ್ಜಿ ಎರಡನೆಯ ಸಲ ಸಲ್ಲಿಕೆಯಾಗುತ್ತಿರಲಿಲ್ಲ. ಲಕ್ಷಾಂತರ ಪುಟಗಳು ಈ ಉಪಾಯದ ಮೇಲೆ ನಿಂತವು.

ನಿಯಮ ಬಳಕೆಗೆ ಮಣಿಯತೊಡಗಿತು. 1997ರ ಜನವರಿಯ ಎಚ್‌ಟಿಟಿಪಿ 1.1ರಲ್ಲಿ 303 ಬಂತು: ‘ಕೆಲಸ ಮುಗಿಯಿತು, ಫಲಿತಾಂಶವನ್ನು ಅಲ್ಲಿ ಗೆಟ್ ಮಾಡಿ ನೋಡು.’ 1999ರ ಜೂನ್ ತಿಂಗಳ ಆರ್‌ಎಫ್‌ಸಿ 2616ರಲ್ಲಿ 307 ಸೇರಿತು: ‘ಇದೇ ಅರ್ಜಿಯನ್ನು, ಇದ್ದದ್ದು ಇದ್ದ ಹಾಗೆ, ಅಲ್ಲಿ ಕೊಡು.’ 302 ಮೊದಲೇ ಹೇಳಬೇಕಿದ್ದ ಮಾತನ್ನು ಹೇಳಲು ಹೊಸ ಸಂಖ್ಯೆಯನ್ನೇ ತರಬೇಕಾಯಿತು, ಏಕೆಂದರೆ ಹಳೆಯ ಸಂಖ್ಯೆಯನ್ನು ಎಲ್ಲರೂ ಬೇರೆ ಅರ್ಥದಲ್ಲಿ ಬಳಸಿಬಿಟ್ಟಿದ್ದರು. ಐದು ಸಲದ ಮಿತಿಯೂ ಅದೇ ದಾಖಲೆಯಲ್ಲಿ ಹಳೆಯ ಸಲಹೆಯಾಗಿ ಉಳಿಯಿತು. ಪೈಥಾನ್ ಭಾಷೆಯ ಯುಆರ್‌ಎಲ್‌ಲಿಬ್ ಬರೆದವರು ತಮ್ಮ ಕೋಡಿನ ಒಳಗೇ ಮುಚ್ಚುಮರೆಯಿಲ್ಲದ ಟಿಪ್ಪಣಿಯೊಂದನ್ನು ಇಟ್ಟಿದ್ದಾರೆ: ಕಟ್ಟುನಿಟ್ಟಾಗಿ ನೋಡಿದರೆ ‘ಪೋಸ್ಟ್’ಗೆ 301 ಅಥವಾ 302 ಬಂದಾಗ ಕೇಳದೆ ಹಿಂಬಾಲಿಸಕೂಡದು, ಆದರೆ ಎಲ್ಲರೂ ಹೀಗೇ ಮಾಡುತ್ತಾರೆ, ಆದ್ದರಿಂದ ನಾವೂ ಮಾಡುತ್ತೇವೆ ಎಂಬುದು ಅದರ ಸಾರ.

ಕೊನೆಗೆ 2014ರ ಜೂನ್ ತಿಂಗಳ ಆರ್‌ಎಫ್‌ಸಿ 7231, ಚಾರಿತ್ರಿಕ ಕಾರಣಗಳಿಂದಾಗಿ 301 ಮತ್ತು 302 ಬಂದಾಗ ‘ಪೋಸ್ಟ್’ ಅನ್ನು ‘ಗೆಟ್’ ಮಾಡಬಹುದು ಎಂದು ಒಪ್ಪಿಕೊಂಡಿತು. ಹೊಸ ವಿಳಾಸ ತಿಳಿಸುವ ಲೊಕೇಶನ್ ಹೆಡರಿನಲ್ಲಿ ಪೂರ್ತಿ ವಿಳಾಸವೇ ಇರಬೇಕೆಂಬ ಹಳೆಯ ಷರತ್ತನ್ನೂ ಅದು ಕೈಬಿಟ್ಟಿತು. ಅಷ್ಟು ಹೊತ್ತಿಗೆ ಅರ್ಧ ವಿಳಾಸ ಕೊಡುವ ಸರ್ವರುಗಳೂ ಅದನ್ನು ಹೇಗೋ ಪೂರ್ತಿ ಮಾಡಿಕೊಳ್ಳುವ ಲೈಬ್ರರಿಗಳೂ ವರ್ಷಗಳಿಂದ ಹೊಂದಿಕೊಂಡಿದ್ದವು. ಕಾಯಂ ಬದಲಾವಣೆಯಾಗಿಯೂ ಅರ್ಜಿಯನ್ನು ಹಾಗೇ ಉಳಿಸುವ ಸಂಖ್ಯೆಯೊಂದು ಮಾತ್ರ ಬಾಕಿಯಿತ್ತು. ಜೂಲಿಯನ್ ರೆಶ್ಕೆ ಅದೇ ವರ್ಷ 308 ಅನ್ನು ಪ್ರಾಯೋಗಿಕವಾಗಿ ಮುಂದಿಟ್ಟರು. 2015ರಲ್ಲಿ ಅದು ಆರ್‌ಎಫ್‌ಸಿ 7538 ಆಯಿತು. ಗೂಗಲ್ ತನ್ನ ಅಪ್‌ಲೋಡ್ ಸೇವೆಗಳಲ್ಲಿ ‘ಇನ್ನೂ ಪೂರ್ತಿ ಬಂದಿಲ್ಲ, ಮುಂದುವರಿಸು’ ಎನ್ನಲು ಅದೇ 308 ಅನ್ನು ಬಳಸುತ್ತಿತ್ತು. ಅದರ ಉತ್ತರದಲ್ಲಿ ಲೊಕೇಶನ್ ಹೆಡರ್ ಇರುವುದಿಲ್ಲ. ಸಂಖ್ಯೆ ನೋಡಿದೊಡನೆ ಹೊರಟುಬಿಡದೆ ಹೆಡರ್ ಇದೆಯೇ ಎಂದೂ ನೋಡುವ ಲೈಬ್ರರಿಗಳಿಗೆ ಇದರಿಂದ ತೊಂದರೆಯಾಗಲಿಲ್ಲ.

ಅರ್ಜಿಯನ್ನು ಕಾಪಾಡುವ 307 ಎಲ್ಲೆಡೆಯೂ ಒಳ್ಳೆಯದೇ ಎಂದೇನಲ್ಲ. ಒಂದು ತಾಣದ ಖಾತೆಯಿಂದ ಇನ್ನೊಂದು ತಾಣಕ್ಕೆ ಲಾಗಿನ್ ಆಗಲು ಬಳಸುವ ಓಆತ್ ವ್ಯವಸ್ಥೆಯನ್ನು ಜರ್ಮನಿಯ ಡೇನಿಯಲ್ ಫೆಟ್, ರಾಲ್ಫ್ ಕ್ಯೂಸ್ಟರ್ಸ್ ಮತ್ತು ಗೀಡೊ ಶ್ಮಿಟ್ಸ್ 2016ರಲ್ಲಿ ಗಣಿತದ ಒರೆಗೆ ಹಚ್ಚಿದರು. ಪಾಸ್‌ವರ್ಡ್ ಬರೆದ ಫಾರಂ ಸಲ್ಲಿಸಿದ ಕೂಡಲೇ ಸರ್ವರ್ 307 ಕೊಟ್ಟರೆ, ಬ್ರೌಸರ್ ನಿಯಮದಂತೆಯೇ ಆ ಫಾರಂ ಅನ್ನು ಪಾಸ್‌ವರ್ಡ್ ಸಮೇತ ಎರಡನೆಯ ತಾಣಕ್ಕೆ ತಲುಪಿಸುತ್ತದೆ ಎಂದು ಅವರು ತೋರಿಸಿದರು. 2025ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 9700 ಇಂಥ ಕಡೆ 307 ಬಳಸಲೇಬಾರದು, 303 ಬಳಸಿ ಎಂದು ಹೇಳಿದೆ.

ಬ್ರೆಜಿಲ್‌ನಿಂದ ಸ್ವೀಡನ್‌ಗೆ

ಕರ್ಲ್‌ನ ಬೇರು ಬ್ರೆಜಿಲ್‌ನಲ್ಲಿದೆ. ರಫಾಯೆಲ್ ಸಗುಲಾ ಬರೆದ ಎಚ್‌ಟಿಟಿಪಿಗೆಟ್ ಎಂಬ ಪುಟ್ಟ ಪ್ರೋಗ್ರಾಂನ 0.1 ಆವೃತ್ತಿ 1996ರ ನವೆಂಬರಿನಲ್ಲಿ ಬಂದಿತ್ತು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಆಗ ಅಮಿಗಾ ಕಂಪ್ಯೂಟರ್ ಪ್ರಿಯರ ಚಾಟ್ ಕೋಣೆಗೆ ಒಂದು ಬಾಟ್ ಕಟ್ಟುತ್ತಿದ್ದರು. ಕೇಳಿದವರಿಗೆ ವಿದೇಶಿ ಹಣದ ವಿನಿಮಯ ದರ ಹೇಳಲು ಅದು ವೆಬ್ಬಿನಿಂದ ದಿನದ ದರ ತರಬೇಕಿತ್ತು. ಅವರಿಗೆ ಈ ಪ್ರೋಗ್ರಾಂ ಸಿಕ್ಕಿತು. ತಿದ್ದಿ ಬೆಳೆಸುತ್ತ ಅದರ ಹೊಣೆಯೇ ಅವರದಾಯಿತು. ಎಚ್‌ಟಿಟಿಪಿಗೆಟ್ ಯುಆರ್‌ಎಲ್‌ಗೆಟ್ ಆಯಿತು. 1998ರ ಮಾರ್ಚ್ 20ರಂದು ಕರ್ಲ್ 4.0 ಎಂಬ ಹೆಸರಿನಲ್ಲಿ ಹೊರಬಂತು. 2000ದ ಆಗಸ್ಟಿನಲ್ಲಿ 7.1 ಆವೃತ್ತಿಯೊಂದಿಗೆ ಲಿಬ್‌ಕರ್ಲ್ ಬೇರೆಯವರ ಬಳಕೆಗೆ ತೆರೆದುಕೊಂಡಿತು.

ಮೊದಲಿನಿಂದಲೂ ಕರ್ಲ್ ರೀಡೈರೆಕ್ಟ್ ವಿಷಯದಲ್ಲಿ ಜಿಪುಣ. ಮೈನಸ್ ಎಲ್ ಎಂಬ ಆಯ್ಕೆ ಕೊಡದಿದ್ದರೆ ಅದು ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಸರ್ವರ್ 301 ಎಂದರೆ 301ರ ಜೊತೆ ಬಂದ ಪುಟವನ್ನೇ ಮುಂದಿಟ್ಟು ಸುಮ್ಮನಾಗುತ್ತದೆ. ಖಾಲಿ ಪುಟ ನೋಡಿ ತಲೆ ಕೆರೆದುಕೊಂಡ ಹೊಸಬರು ಲೆಕ್ಕವಿಲ್ಲದಷ್ಟು. ಲಿಬ್‌ಕರ್ಲ್‌ನಲ್ಲೂ ‘ಫಾಲೋ ಲೊಕೇಶನ್’ ಎಂಬ ಆಯ್ಕೆ ಮೂಲತಃ ಆಫ್ ಆಗಿರುತ್ತದೆ.

ಆನ್ ಮಾಡಿದವರಿಗೆ ಅಪಾಯ ಕಾದಿತ್ತು ಎಂಬುದನ್ನು ಪಿಎಚ್‌ಪಿ ಭಾಷೆಯ ತಂಡ 2009ಕ್ಕಿಂತ ಮೊದಲೇ ಗ್ರಹಿಸಿತ್ತು. ಒಂದೇ ಸರ್ವರಿನಲ್ಲಿ ನೂರಾರು ಗಿರಾಕಿಗಳ ತಾಣಗಳನ್ನಿಡುವ ಹೋಸ್ಟಿಂಗ್ ಕಂಪನಿಗಳು ಓಪನ್ ಬೇಸ್‌ಡಿರ್ ಎಂಬ ಬೇಲಿ ಹಾಕಿ, ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಂತೆ ನೋಡಿಕೊಳ್ಳುತ್ತಿದ್ದವು. ಪಿಎಚ್‌ಪಿಯೊಳಗಿನ ಲಿಬ್‌ಕರ್ಲ್‌ಗೆ ರೀಡೈರೆಕ್ಟ್ ತೋರಿಸಿದರೆ ಆ ಬೇಲಿಯನ್ನೇ ದಾಟಬಹುದಿತ್ತು. 2006ರ ತಿದ್ದುಪಡಿಯಿಂದಾಚೆಗೆ, ಬೇಲಿ ಇರುವ ಕಡೆ ಫಾಲೋ ಲೊಕೇಶನ್ ಆನ್ ಮಾಡಲು ಪಿಎಚ್‌ಪಿ ಬಿಡಲಿಲ್ಲ. ಅಂಥ ಹೋಸ್ಟಿಂಗ್ ಬಳಸುತ್ತಿದ್ದ ಪ್ರೋಗ್ರಾಮರುಗಳು ಲೊಕೇಶನ್ ಹೆಡರನ್ನು ತಾವೇ ಹೆಕ್ಕಿ, ಮುಂದಿನ ವಿಳಾಸಕ್ಕೆ ತಾವೇ ಕೋರಿಕೆ ಕಳಿಸುವ ನಾಟಿ ಕೋಡುಗಳನ್ನು ಬರೆದು ಹಂಚಿಕೊಂಡರು.

2009ರ ದೋಷ ಬೆಳಕಿಗೆ ಬಂದಾಗ ಲಿಬ್‌ಕರ್ಲ್ ಕೊಟ್ಟ ಪರಿಹಾರ, ರೀಡೈರೆಕ್ಟ್ ಮೂಲಕ ಯಾವ ಬಗೆಯ ವಿಳಾಸಗಳಿಗೆ ಹೋಗಬಹುದು ಎಂಬುದಕ್ಕೇ ಒಂದು ಪ್ರತ್ಯೇಕ ಪಟ್ಟಿ. ಮೊದಲ ಪಟ್ಟಿ ಉದಾರವಾಗಿತ್ತು: ಕಡತ ಮತ್ತು ಎಸ್‌ಸಿಪಿ ಬಿಟ್ಟು ಉಳಿದೆಲ್ಲಕ್ಕೂ ಅನುಮತಿ. ಮುಂದೆ ವಿಂಡೋಸ್ ಕಡತ ಹಂಚಿಕೆಯ ಎಸ್‌ಎಂಬಿ ಹೊರಬಿತ್ತು. 2019ರ 7.65.2 ಆವೃತ್ತಿಯಲ್ಲಿ ಲೆಕ್ಕವೇ ತಿರುಗಿತು. ಯಾವುದು ಬೇಡ ಎಂದು ಪಟ್ಟಿ ಮಾಡುವ ಬದಲು ಯಾವುದು ಬೇಕು ಎಂದು ಪಟ್ಟಿ ಮಾಡಲಾಯಿತು. ಎಚ್‌ಟಿಟಿಪಿ, ಎಫ್‌ಟಿಪಿ ಮತ್ತು ಅವುಗಳ ಗೂಢಲಿಪಿ ರೂಪಗಳು ಮಾತ್ರ ಉಳಿದವು. ಪೈಥಾನ್ ಕೂಡ 2011ರಲ್ಲಿ ಇದೇ ಹೊಂಡಕ್ಕೆ ಬಿದ್ದು ಎದ್ದಿತ್ತು. ಅದರ ಯುಆರ್‌ಎಲ್‌ಲಿಬ್ ಕಡತದ ವಿಳಾಸಕ್ಕೆ ರೀಡೈರೆಕ್ಟ್ ಆಗುವುದನ್ನು 2.7.2 ಮತ್ತು 3.2.1 ಆವೃತ್ತಿಗಳಲ್ಲಿ ತಡೆಯಲಾಯಿತು.

ಐದರಿಂದ ಐವತ್ತು

ಎಷ್ಟು ಸಲ ಹಿಂಬಾಲಿಸಬೇಕು ಎಂಬ ಪ್ರಶ್ನೆಗೆ ಲೈಬ್ರರಿಗೊಂದು ಉತ್ತರ. ಎಲ್‌ಡಬ್ಲ್ಯುಪಿಗೆ 7. ಪೈಥಾನಿನ ಯುಆರ್‌ಎಲ್‌ಲಿಬ್ ಮತ್ತು ಗೋ ಭಾಷೆಯ ಲೈಬ್ರರಿಗೆ 10. ಜಾವಾದ ಹಳೆಯ ಲೈಬ್ರರಿಗೂ ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳಿಗೂ 20. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಗೆ 30. ಕರ್ಲ್ ಸಲಕರಣೆಗೆ 50. ಲಿಬ್‌ಕರ್ಲ್‌ಗೆ ಬಹುಕಾಲ ಮಿತಿಯೇ ಇರಲಿಲ್ಲ, 2023ರ 8.3.0 ಆವೃತ್ತಿಯಲ್ಲಿ 30 ಎಂದಾಯಿತು.

ಒಮ್ಮೆ ಹೋದ ವಿಳಾಸಕ್ಕೇ ಮತ್ತೆ ಕಳಿಸಿದರೆ ಸುತ್ತು ಬಿದ್ದಿದೆ ಎಂದುಕೊಂಡು ನಿಲ್ಲಿಸಬಹುದಲ್ಲ ಎನಿಸಬಹುದು. ಕುಕಿಗಳು ಅದಕ್ಕೆ ಅಡ್ಡ ಬಂದವು. ಎಷ್ಟೋ ತಾಣಗಳು ಮೊದಲ ಭೇಟಿಯಲ್ಲಿ ಒಂದು ಕುಕಿ ಕೊಟ್ಟು ಅದೇ ವಿಳಾಸಕ್ಕೆ ರೀಡೈರೆಕ್ಟ್ ಮಾಡುತ್ತವೆ. ಎರಡನೆಯ ಸಲ ಕುಕಿ ತೋರಿಸಿದರೆ ಪುಟ ಸಿಗುತ್ತದೆ. ಇದಕ್ಕಾಗಿಯೇ ಯುಆರ್‌ಎಲ್‌ಲಿಬ್ ಎರಡು ಲೆಕ್ಕ ಇಡುತ್ತದೆ, ಒಟ್ಟು ಹತ್ತು, ಒಂದೇ ವಿಳಾಸಕ್ಕೆ ನಾಲ್ಕು. ಕುಕಿ ಉಳಿಸಿಕೊಳ್ಳದ ಲೈಬ್ರರಿ ಮಾತ್ರ ಮಿತಿ ಮುಟ್ಟುವವರೆಗೂ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ.

ಗುರುತಿನ ಚೀಟಿ ಯಾರ ಕೈಗೆ?

ಕೋರಿಕೆಯ ಜೊತೆ ಹೋಗುವ ಹೆಡರುಗಳಲ್ಲಿ ಆಥರೈಸೇಶನ್ ಎಂಬುದೊಂದಿದೆ. ಪಾಸ್‌ವರ್ಡ್ ಅಥವಾ ಟೋಕನ್ ಅದರಲ್ಲಿರುತ್ತದೆ. ಒಂದು ತಾಣಕ್ಕೆಂದು ಕೊಟ್ಟ ಟೋಕನ್, ಆ ತಾಣ ಬೇರೊಂದಕ್ಕೆ ಕೈತೋರಿಸಿದಾಗ ಅಲ್ಲಿಗೂ ಹೋಗಬೇಕೆ? ಬಳಕೆದಾರರ ಹೆಸರು, ಪಾಸ್‌ವರ್ಡುಗಳಿಗೆಂದೇ ಇರುವ ಆಯ್ಕೆಯ ಮೂಲಕ ಕೊಟ್ಟಿದ್ದರೆ ಕರ್ಲ್ ಅವನ್ನು ಬೇರೆ ತಾಣಕ್ಕೆ ಕೊಡುತ್ತಿರಲಿಲ್ಲ. ಆದರೆ ಪ್ರೋಗ್ರಾಮರ್ ಅದೇ ಹೆಡರನ್ನು ತಾನೇ ಬರೆದು ಸೇರಿಸಿದ್ದರೆ, ಅವರಿಗೆ ಬೇಕಾಗಿಯೇ ಹಾಕಿದ್ದಾರೆಂದು ಹೋದಲ್ಲೆಲ್ಲ ಒಯ್ಯುತ್ತಿತ್ತು. ಟೋಕನ್ ಬಳಸುವ ಸೇವೆಗಳು ಹೆಚ್ಚಿದಂತೆ ಕೈಯಾರೆ ಬರೆಯುವುದೇ ರೂಢಿಯಾಯಿತು. 2018ರ ಜನವರಿಯ 7.58.0 ಆವೃತ್ತಿ ಈ ಬಾಗಿಲನ್ನು ಮುಚ್ಚಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ರಿಕ್ವೆಸ್ಟ್ಸ್ ಲೈಬ್ರರಿಯ 2.20.0 ಆವೃತ್ತಿ ಇದರ ಸೋದರ ದೋಷವೊಂದನ್ನು ಸರಿಪಡಿಸಿತು. ಕೆನೆತ್ ರೈಟ್ಸ್ 2011ರಲ್ಲಿ ಆರಂಭಿಸಿದ ಈ ಲೈಬ್ರರಿ ತಾಣದ ಹೆಸರು ಬದಲಾದರೆ ಟೋಕನ್ ತೆಗೆದುಹಾಕುತ್ತಿತ್ತು. ಹೆಸರು ಅದೇ ಇದ್ದು, ಸುರಕ್ಷಿತ ಎಚ್‌ಟಿಟಿಪಿಎಸ್‌ನಿಂದ ತೆರೆದ ಎಚ್‌ಟಿಟಿಪಿಗೆ ಇಳಿಸಿದರೆ ಮಾತ್ರ ಟೋಕನ್ ಬಯಲಿನಲ್ಲೇ ಸಾಗುತ್ತಿತ್ತು. ಹೊಸ ನಿಯಮದಲ್ಲಿ ಕೆಳಗಿಳಿದರೆ ಟೋಕನ್ ಇಲ್ಲ; ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಮೇಲೇರಿದರೆ ಉಳಿಯುತ್ತದೆ. ಕರ್ಲ್ 2022ರಲ್ಲಿ ಇನ್ನೂ ಬಿಗಿಯಾಯಿತು: ಹೆಸರು ಒಂದೇ ಇದ್ದರೂ ಪೋರ್ಟ್ ಸಂಖ್ಯೆ ಬದಲಾದರೆ ಅದು ಬೇರೆಯೇ ಮನೆ.

ಗೋ ಭಾಷೆಯ ಕಥೆ ಎದುರು ದಿಕ್ಕಿನಿಂದ ಬಂದದ್ದು. ಅದರ ಲೈಬ್ರರಿ ಮೊದಮೊದಲು ರೀಡೈರೆಕ್ಟ್ ಆದಾಗ ಹೆಡರುಗಳನ್ನು ಮುಂದಕ್ಕೆ ಒಯ್ಯುತ್ತಿರಲಿಲ್ಲ. ಬೇಕಾದವರು ಪ್ರತಿ ರೀಡೈರೆಕ್ಟ್‌ಗೂ ಮುನ್ನ ಕರೆಯಲಾಗುವ ವಿಧಾನವೊಂದನ್ನು ಬರೆದು, ಹೆಡರುಗಳನ್ನು ಕೈಯಾರೆ ನಕಲು ಮಾಡುತ್ತಿದ್ದರು. ಹಾಗೆ ಮಾಡುವಾಗ ಗುಟ್ಟಿನ ಹೆಡರುಗಳನ್ನೂ ಸೇರಿಸಿ ನಕಲು ಮಾಡಿಬಿಡುವುದು ಸುಲಭವಿತ್ತು. 2017ರ ಫೆಬ್ರುವರಿಯ ಗೋ 1.8 ಬಹುಪಾಲು ಹೆಡರುಗಳನ್ನು ತಾನೇ ಒಯ್ಯತೊಡಗಿತು, ಬೇರೆ ತಾಣಕ್ಕೆ ಹೋಗುವಾಗ ಟೋಕನ್, ಕುಕಿಗಳಂಥವನ್ನು ತಡೆಹಿಡಿಯಿತು. 307 ಮತ್ತು 308ಕ್ಕೆ ಸರಿಯಾದ ಬೆಂಬಲವೂ ಅದರಲ್ಲೇ ಬಂತು.

ಇಷ್ಟೆಲ್ಲ ಆದ ಮೇಲೂ ಒಂದು ಸಂದು ಉಳಿದಿತ್ತು. ಪಾಸ್‌ವರ್ಡುಗಳನ್ನು ನೆಟ್‌ಆರ್‌ಸಿ ಎಂಬ ಕಡತದಲ್ಲಿ ಬರೆದಿಡುವ ಯುನಿಕ್ಸ್ ರೂಢಿಯೊಂದಿದೆ. ಆ ಕಡತದಲ್ಲಿ ರೀಡೈರೆಕ್ಟ್ ಆದ ತಾಣದ ಹೆಸರಿದ್ದು ಪಾಸ್‌ವರ್ಡ್ ಬರೆದಿಲ್ಲದಿದ್ದರೆ, ಕರ್ಲ್ ಮೊದಲ ತಾಣದ ಪಾಸ್‌ವರ್ಡನ್ನೇ ಎರಡನೆಯದಕ್ಕೆ ಕೊಟ್ಟುಬಿಡುತ್ತಿತ್ತು. 2024ರ ಡಿಸೆಂಬರಿನ 8.11.1 ಆವೃತ್ತಿಯಲ್ಲಿ ಇದು ಸರಿಹೋಯಿತು. ಅಷ್ಟರಲ್ಲಿ ಆ ದೋಷಕ್ಕೆ ಸುಮಾರು 25 ವರ್ಷ ವಯಸ್ಸಾಗಿತ್ತು.

ಬೀಗ ಹಾಕಿದ ವೆಬ್ಬಿಗೆ ವಲಸೆ

2010ರ ದಶಕದಲ್ಲಿ ವೆಬ್ಬಿನ ದೊಡ್ಡ ಭಾಗ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ವಲಸೆ ಹೋಯಿತು. ವಲಸೆಯ ವಾಹನ ರೀಡೈರೆಕ್ಟೇ. ಹಳೆಯ ವಿಳಾಸ ಟೈಪ್ ಮಾಡಿದವರನ್ನು 301 ಹೊಸದಕ್ಕೆ ಕರೆದೊಯ್ಯುತ್ತಿತ್ತು. ಆ ಮೊದಲ ಹೆಜ್ಜೆ ಮಾತ್ರ ಗೂಢಲಿಪಿಯಿಲ್ಲದ ಬಯಲು. ಅಲ್ಲೇ ಹೊಂಚಿ ನಿಂತು, ರೀಡೈರೆಕ್ಟ್ ಅನ್ನು ನುಂಗಿ, ಓದುಗರನ್ನು ಬಯಲಿನಲ್ಲೇ ಉಳಿಸಬಹುದು ಎಂದು ಮಾಕ್ಸಿ ಮಾರ್ಲಿನ್‌ಸ್ಪೈಕ್ 2009ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಎಸ್‌ಎಸ್‌ಎಲ್‌ಸ್ಟ್ರಿಪ್ ಎಂಬ ಸಲಕರಣೆಯಿಂದ ತೋರಿಸಿದರು. 2012ರ ನವೆಂಬರಿನ ಎಚ್‌ಎಸ್‌ಟಿಎಸ್ ನಿಯಮ ಇದಕ್ಕೆ ಬಂದ ಉತ್ತರ. ಒಮ್ಮೆ ಭೇಟಿ ಕೊಟ್ಟಾಗ ಹಾಗೆ ಕೋರಿದ ತಾಣಕ್ಕೆ ಮುಂದೆ ಬ್ರೌಸರ್ ತಾನಾಗಿಯೇ ಎಚ್‌ಟಿಟಿಪಿಎಸ್‌ನಲ್ಲಿ ಹೋಗುತ್ತದೆ, ಸರ್ವರ್ ಪ್ರತಿ ಸಲ ರೀಡೈರೆಕ್ಟ್ ಮಾಡುವವರೆಗೆ ಕಾಯುವುದಿಲ್ಲ.

ಜಾವಾದಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ಈ ವಲಸೆಯಲ್ಲಿ ಎಡವಿದವು. ಅದರ ಹಳೆಯ ಎಚ್‌ಟಿಟಿಪಿ ಯುಆರ್‌ಎಲ್ ಕನೆಕ್ಷನ್ ರೀಡೈರೆಕ್ಟ್‌ಗಳನ್ನು ತಾನಾಗಿ ಹಿಂಬಾಲಿಸುತ್ತದೆ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗಾಗಲಿ, ಅಲ್ಲಿಂದ ಇಲ್ಲಿಗಾಗಲಿ ದಾಟುವುದಿಲ್ಲ. ಎರಡರ ನಡುವೆ ಸುಮ್ಮನೆ ಹಾಯುವುದು ಭದ್ರತೆಗೆ ಒಳ್ಳೆಯದಲ್ಲ ಎಂಬ ಹಳೆಯ ಎಚ್ಚರ ಅದರ ಹಿಂದಿತ್ತು. ತಾಣಗಳು ಒಂದೊಂದಾಗಿ ಬೀಗ ಹಾಕಿಕೊಂಡಾಗ, ನಿನ್ನೆವರೆಗೆ ಓಡುತ್ತಿದ್ದ ಪ್ರೋಗ್ರಾಂಗಳಿಗೆ ಪುಟದ ಬದಲು ಬರಿಯ 301 ಸಿಗತೊಡಗಿತು. 2018ರ ಜಾವಾ 11ರ ಹೊಸ ಲೈಬ್ರರಿಯಲ್ಲಿ ಪ್ರೋಗ್ರಾಮರ್‌ಗೆ ಮೂರು ಆಯ್ಕೆಗಳಿವೆ: ಎಂದೂ ಬೇಡ, ಯಾವಾಗಲೂ ಸರಿ, ಎಚ್‌ಟಿಟಿಪಿಎಸ್‌ನಿಂದ ಕೆಳಗಿಳಿಯುವುದನ್ನು ಬಿಟ್ಟು ಉಳಿದದ್ದು ಸರಿ. ಏನೂ ಹೇಳದಿದ್ದರೆ ‘ಎಂದೂ ಬೇಡ’. ಪೈಥಾನಿನ ಎಚ್‌ಟಿಟಿಪಿಎಕ್ಸ್ ಲೈಬ್ರರಿಯೂ 2021ರಲ್ಲಿ ತಾನಾಗಿ ಹಿಂಬಾಲಿಸುವುದನ್ನು ಬಿಟ್ಟಿತು. ಕರ್ಲ್ ಮೊದಲಿನಿಂದ ಪಾಲಿಸುತ್ತಿದ್ದ ಜಿಪುಣತನಕ್ಕೆ ಹೊಸಬರೂ ಬಂದರು.

ವಿಕಿಪೀಡಿಯ 2015ರ ಜೂನ್ ತಿಂಗಳಲ್ಲಿ ತನ್ನ ಎಲ್ಲ ಭಾಷೆಯ ತಾಣಗಳನ್ನೂ ಎಚ್‌ಟಿಟಿಪಿಎಸ್‌ಗೆ ಒಯ್ಯುವುದಾಗಿ ಘೋಷಿಸಿತು; ಕನ್ನಡ ವಿಕಿಪೀಡಿಯವೂ ಅದರಲ್ಲಿ ಸೇರಿತ್ತು. ಕನ್ನಡದ ವಿಳಾಸಗಳು ಲೈಬ್ರರಿಗಳಿಗೆ ಬೇರೊಂದು ಪರೀಕ್ಷೆ ಒಡ್ಡುತ್ತವೆ. ಎಚ್‌ಟಿಟಿಪಿ ಹೆಡರುಗಳು ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗೆಂದು. ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು, ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡಂಕಿಯಾಗಿ ಬಿಡಿಸಿ ಬರೆಯಬೇಕು. ‘ಮುಖ್ಯ_ಪುಟ’ ಎಂಬುದರಲ್ಲಿ ಎಂಟು ಕನ್ನಡ ಚಿಹ್ನೆಗಳೂ ಒಂದು ಅಡಿಗೆರೆಯೂ ಇವೆ. ಲೊಕೇಶನ್ ಹೆಡರಿನಲ್ಲಿ ಅದು 73 ಅಕ್ಷರಗಳ ಸಾಲಾಗುತ್ತದೆ.

ಸರ್ವರುಗಳೆಲ್ಲ ಹೀಗೆ ಬಿಡಿಸಿ ಬರೆಯುವ ಶ್ರಮ ತೆಗೆದುಕೊಳ್ಳುವುದಿಲ್ಲ. ಕೆಲವು ಕಚ್ಚಾ ಬೈಟುಗಳನ್ನೇ ಕಳಿಸಿಬಿಡುತ್ತವೆ. ಪೈಥಾನ್ 3 ಹೆಡರುಗಳನ್ನು ಪಶ್ಚಿಮ ಯುರೋಪಿನ ಲ್ಯಾಟಿನ್-1 ಲಿಪಿ ಸಂಕೇತವೆಂದು ಭಾವಿಸಿ ಓದುವುದರಿಂದ ಕನ್ನಡ ಅಲ್ಲಿ ಕಲಸುಮೇಲೋಗರವಾಗುತ್ತದೆ. ರಿಕ್ವೆಸ್ಟ್ಸ್ ಲೈಬ್ರರಿ ಆ ಕಲಸಿದ್ದನ್ನು ಮತ್ತೆ ಲ್ಯಾಟಿನ್-1 ಬೈಟುಗಳಾಗಿ ಹಿಂದಿರುಗಿಸಿ, ಯುಟಿಎಫ್-8 ಎಂದು ಓದಿಕೊಂಡು, ಆಮೇಲೆ ಹೊರಡುತ್ತದೆ. ಲಿಬ್‌ಕರ್ಲ್ ಅಂಥ ಬೈಟುಗಳನ್ನು ತಾನೇ ಶೇಕಡಾ ರೂಪಕ್ಕೆ ಬಿಡಿಸಿಕೊಳ್ಳುತ್ತದೆ.

ಹೊಸ ಆಯ್ಕೆ, ಹಳೆಯ ನಡವಳಿಕೆ

ಕರ್ಲ್‌ನ ಮೈನಸ್ ಎಕ್ಸ್ ಆಯ್ಕೆಯಿಂದ ಕೋರಿಕೆಯ ಬಗೆಯನ್ನು ಕೈಯಾರೆ ನಿಗದಿ ಮಾಡಬಹುದು. ಮೈನಸ್ ಎಲ್ ಜೊತೆ ಅದನ್ನು ಬೆರೆಸಿದಾಗ ಒಂದು ವಿಚಿತ್ರ ನಡೆಯುತ್ತದೆ. ಸರ್ವರ್ 303 ಎಂದು ‘ಗೆಟ್ ಮಾಡಿ ನೋಡು’ ಎಂದರೂ, ಕರ್ಲ್ ಪ್ರತಿ ಹೆಜ್ಜೆಯಲ್ಲೂ ಮೈನಸ್ ಎಕ್ಸ್ ಹೇಳಿದ ‘ಪೋಸ್ಟ್’ ಅಥವಾ ‘ಡಿಲೀಟ್’ ಅನ್ನೇ ಒಯ್ಯುತ್ತದೆ. ಸ್ಟೆನ್‌ಬರ್ಗ್ ವರ್ಷಗಟ್ಟಲೆ ಇದರ ಬಗ್ಗೆ ಎಚ್ಚರಿಸುತ್ತ ಬಂದರು. 2025ರಲ್ಲಿ ಲಿಬ್‌ಕರ್ಲ್‌ಗೆ ಸ್ಥಿತಿ ಸಂಖ್ಯೆ ಹೇಳಿದಂತೆ ನಡೆಯುವ ಹೊಸ ವಿಧಗಳು ಸೇರಿದವು. ಅದೇ ವರ್ಷದ 8.16.0 ಆವೃತ್ತಿಯಲ್ಲಿ ಕರ್ಲ್‌ಗೆ ‘ಫಾಲೋ’ ಎಂಬ ಆಯ್ಕೆ ಬಂತು. 303 ಬಂದರೆ ಅದು ‘ಗೆಟ್’ಗೆ ಬದಲಾಯಿಸುತ್ತದೆ, 307 ಮತ್ತು 308 ಬಂದರೆ ಮೈನಸ್ ಎಕ್ಸ್ ಹೇಳಿದ್ದನ್ನು ಉಳಿಸಿಕೊಳ್ಳುತ್ತದೆ. ಮೈನಸ್ ಎಲ್ ಅನ್ನು ಮಾತ್ರ ತಿದ್ದಲಿಲ್ಲ. ಹಳೆಯ ನಡವಳಿಕೆಯನ್ನು ನಂಬಿಕೊಂಡ ಸ್ಕ್ರಿಪ್ಟುಗಳು ಕೆಡಬಾರದೆಂದು ಎರಡೂ ಆಯ್ಕೆಗಳನ್ನು ಅಕ್ಕಪಕ್ಕದಲ್ಲಿ ಉಳಿಸಲಾಗಿದೆ. ಎರಡನ್ನೂ ಕೊಡದಿದ್ದರೆ ಕರ್ಲ್ 1998ರ ಮರ್ಯಾದೆಯಲ್ಲೇ 301ರ ಪುಟವನ್ನು ಮುದ್ರಿಸಿ ನಿಲ್ಲುತ್ತದೆ.